ಶಂಕರ್ ಮಾಡಬೇಕಿದ್ದ ತಾಳಿ

"ಈ ತಾಳಿ ನಾ ಮಾಡಕ್ಕಿಲ್ಲ ಅತ್ತೆ. ಬೇರೆಯೋರಿಗೆ ಕೊಡಿ."

ಶಂಕರ್ ತಲೆ ಎತ್ತದೆ ಹೇಳಿದ. ನಾಗಮಂಗಲದ ಆ ಕಿರಿದಾದ ಅಕ್ಕಸಾಲೆ ಅಂಗಡಿ ಅವನದು.

ತಾಳಿಯ ಚಿನ್ನ ಕರಗಿಸಲು ಒಳ್ಳೆಯ ಗಳಿಗೆ ನೋಡಿ, ಸ್ಪಂದನ ತನ್ನ ತಾಯಿ ಚೆಲುವಮ್ಮನೊಡನೆ ಪಾಂಡವಪುರದಿಂದ ಬಂದಿದ್ದಳು. ಹೆಣ್ಣಿನ ತಾಯಿ ಚಿನ್ನವನ್ನು ಕರಗಿಸುವ ಮೂಸೆಗೆ ಹಾಕಬೇಕು. ಮದುವೆಯ ಗಂಡೇ ಅದರಿಂದ ತಾಳಿ ಮಾಡಬೇಕು. ಅದು ಶಂಕರನ ಮನೆಯ ವಾಡಿಕೆ. ನಿಶ್ಚಿತಾರ್ಥದ ದಿನ ಅವನೇ ಅದನ್ನು ಹೆಮ್ಮೆಯಿಂದ ಹೇಳಿದ್ದ.

'ನಾನು ಬೇಡವಾದೆನೆ...?' ಸ್ಪಂದನ ಅವನನ್ನೇ ನೋಡಿದಳು. ಕೆಲವು ವಾರಗಳಿಂದ ಅವನು ಫೋನು ಎತ್ತುತ್ತಿರಲಿಲ್ಲ. ಕಾರಣ ಈಗ ತಿಳಿಯಿತೆಂದುಕೊಂಡಳು.

"ಕೆ.ಆರ್.ಪೇಟೆ ಕಡೆಯಿಂದ ದೊಡ್ಡ ಸಂಬಂಧ ಬಂದದೆ ಅನ್ನು," ಚೆಲುವಮ್ಮ ಚುಚ್ಚಿದಳು. "ಬಾರೇ, ಬಸ್ಸು ಹೊಂಟೋಯ್ತದೆ."

ಸ್ಪಂದನ ಕದಲಲಿಲ್ಲ. "ಕಾರಣ ಹೇಳಿ. ಆಮೇಲೆ ಹೋಯ್ತೀನಿ."

ಶಂಕರ್ ಕೈಯಲ್ಲಿದ್ದ ಇಕ್ಕಳವನ್ನು ಪಕ್ಕದ ಪೆಟ್ಟಿಗೆಯ ಮೇಲೆ ಇಡಹೋದ. ಅದು ಅಂಚು ತಪ್ಪಿ ಬಿತ್ತು. ಅವನು ನೆಲವನ್ನು ತಡವಿದ. ಇಕ್ಕಳ ಅವನ ಮೊಣಕಾಲಿನ ಪಕ್ಕದಲ್ಲೇ ಇತ್ತು.

"ಕಣ್ಣು..." ಎಂದ. "ಎದುರಿಗಿರೋದು ಕಾಣ್ತದೆ. ಪಕ್ಕದ್ದು ಕಾಣಕ್ಕಿಲ್ಲ. ಮೈಸೂರಲ್ಲಿ ತೋರ್ಸ್ದೆ. ಇಂಗೇ ನಿಂತ್ರೂ ನಿಲ್ತದಂತೆ, ಪೂರ್ತಾ ಹೋದ್ರೂ ಹೋಯ್ತದಂತೆ. ಯಾವಾಗ ಅಂತ ಡಾಕ್ಟ್ರಿಗೂ ಗೊತ್ತಿಲ್ಲ."

ಚೆಲುವಮ್ಮ ಗೋಡೆಗೆ ಒರಗಿ ಕುಳಿತಳು. "ಅಯ್ಯೋ ನಮ್ಮಪ್ಪ... ವಾಸಿ ಆಗಕ್ಕಿಲ್ವಾ?"

"ಹೋಗಿದ್ದು ಬರಕ್ಕಿಲ್ಲ ಅತ್ತೆ. ಕಣ್ಣಿಲ್ಲದ ಅಕ್ಸಾಲಿಗ ಯಾರ್ಗೆ ಬೇಕು? ಇವಳಿಗೆ ಹೆಂಗೆ ಹೇಳದು ಅಂತ್ಲೇ ಫೋನ್ ಎತ್ಲಿಲ್ಲ."

ಸ್ಪಂದನ ಬಿದ್ದಿದ್ದ ಇಕ್ಕಳವನ್ನು ಎತ್ತಿ ಅವನ ಕೈಗಿಟ್ಟಳು. ದೇವರಿದ್ದಾನೆ ಎನ್ನಲು ಮನಸ್ಸು ಬರಲಿಲ್ಲ. ಅವನನ್ನು ಗುಣಪಡಿಸಲಾರಳು, ಬಿಡಲೂ ಆರಳು. ಕೆಲವು ಭಾಗಾಕಾರಗಳಲ್ಲಿ ಶೇಷ ಉಳಿದೇ ಉಳಿಯುತ್ತದೆ. ಅದನ್ನು ಹಾಗೆಯೇ ಬರೆದುಕೊಂಡು ಮುಂದೆ ಹೋಗಬೇಕು.

"ನಂಗೂ ಭಯ ಆಯ್ತದೆ," ಎಂದಳು ಕೊನೆಗೆ. "ಮುಂದೇನು ಅಂತ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಆದ್ರೆ ಎಲ್ಲಾ ಮುಗ್ದೋಯ್ತು ಅಂತ ನೀವೊಬ್ರೇ ಕೂತು ತೀರ್ಮಾನ ಮಾಡ್ಬುಟ್ರಲ್ಲ, ಅದನ್ನ ಒಪ್ಪಕ್ಕಿಲ್ಲ."

"ಒಪ್ದೆ ಏನ್ ಮಾಡೀಯಾ?"

"ಮುಂದಿನ ಸಲ ಡಾಕ್ಟ್ರ ತಾವ ನಾನೂ ಬತ್ತೀನಿ. ನಾನೂ ಅಕ್ಸಾಲಿಗರ ಮಗಳೇ. ನಿಮ್ಮ ಕೈಕೆಲ್ಸ ನಂಗೆ ಕಲ್ಸಿ." ಅವಳು ಮೂಸೆಯತ್ತ ಕೈ ತೋರಿಸಿ ಕೇಳಿದಳು. "ಇವತ್ತು ಮೂಸೆ ಕಾಣ್ತದಾ?"

"...ಕಾಣ್ತದೆ."

"ಅಂಗಾದ್ರೆ ಇವತ್ತಿನ ಕೆಲ್ಸ ಮಾಡಿ."

ಚೆಲುವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮಪ್ಪನಿಗೆ ನಾನೇನ್ ಹೇಳ್ಲೇ?"

"ಗೊತ್ತಿಲ್ಲ ಕಣವ್ವ. ಇದ್ದದ್ದು ಇದ್ದಂಗೆ ಹೇಳಾನ."

ತಾಯಿ ಮಗಳ ಮುಖ ನೋಡಿದಳು. ಅನಂತರ ತಾನು ತಂದಿದ್ದ ಗಂಟು ಬಿಚ್ಚಿ, ಚಿನ್ನವನ್ನು ಮೂಸೆಗೆ ಹಾಕಿದಳು. ಹರಸಲಿಲ್ಲ, ಬೈಯಲೂ ಇಲ್ಲ.

ಬೆಂಕಿ ಹೊತ್ತಿತು. ಚಿನ್ನ ನಿಧಾನವಾಗಿ ಕರಗತೊಡಗಿತು. ಸ್ಪಂದನ ಶಂಕರನ ಎಡಗಡೆ ಕುಳಿತಳು.

"ಅಲ್ಲಿ ಕೂತ್ರೆ ನೀ ಕಾಣಕ್ಕಿಲ್ಲ," ಎಂದ ಅವನು.

ಅವಳು ತನ್ನ ಭುಜವನ್ನು ಅವನ ಭುಜಕ್ಕೆ ತಾಗಿಸಿದಳು. "ಈಗ?"

"ಗೊತ್ತಾಯ್ತದೆ..." ಅವನು ಇಕ್ಕಳದಿಂದ ಮೂಸೆ ಹಿಡಿದ. "ಅಲ್ಲೇ ಇರು."