ಯಂತ್ರನಾಲಿಗೆಯೂ ತಾಮ್ರದ ಮುಚ್ಚಳವೂ

ಇಸವಿ ೨೦೮೧ರಲ್ಲಿ ನಡೆಯಲಿರುವ ನಿಜಸಂಗತಿ ಇದು.

"ಹುಣಸಾಮ್ಲ ಕಡಿಮೆ. ಒಂದು ಹಿಡಿ ಹುಣಸೆ ಸೇರಿಸಿ" ಎಂದಿತು ಯಂತ್ರನಾಲಿಗೆ.

ಅಡುಗೆಯ ಶೆಲ್ವಯ್ಯ ಗೊಜ್ಜಿಗೆ ಸೇರಿಸಿದರು. ನೈವೇದ್ಯವಾಗುವ ತನಕ ದೇವಸ್ಥಾನದ ಅಡುಗೆಯನ್ನು ಯಾರೂ ಬಾಯಿಗಿಡುವಂತಿಲ್ಲ. ಅದಕ್ಕೆಂದೇ ಡಾ. ಇಂದುಮುಖಿ ಈ ಬೆಳ್ಳಿಕಡ್ಡಿಯನ್ನು ರೂಪಿಸಿದ್ದಳು. ಗೊಜ್ಜಿನಲ್ಲಿ ಅದ್ದಿದರೆ ಸಾಕು, ಹುಣಸೆಗೆ ಹುಳಿ ಕೊಡುವ ಆಮ್ಲವನ್ನು ಅಳೆದು ಬಾಯಿಬಿಟ್ಟು ಹೇಳುತ್ತದೆ.

ಶೆಲ್ವಯ್ಯನವರಿಗಂತೂ ಅದು ದೇವರೇ ಕಳಿಸಿದ ನಾಲಿಗೆ. ಹನ್ನೊಂದು ವರ್ಷದ ಹಿಂದೆ ಬಂದ ಜ್ವರವೊಂದು ಅವರ ರುಚಿಯನ್ನೆಲ್ಲ ಒಯ್ದಿತ್ತು, ವಾಸನೆಯನ್ನೂ. ಗೊತ್ತಾದರೆ ತಲೆಮಾರುಗಳಿಂದ ಬಂದ ಸೌಟು ಕೈತಪ್ಪುತ್ತದೆ. ರುಚಿ ನೋಡಬಾರದೆಂಬ ಕಟ್ಟಳೆಯ ಮರೆಯಲ್ಲೇ ಇಷ್ಟು ದಿನ ತಳ್ಳಿದ್ದರು.

"ಇನ್ನೊಂದು ಹಿಡಿ" ಎಂದಿತು ಅದೇ ದನಿ. ಸೇರಿಸಿದರು.

"ಮತ್ತೊಂದು." ಅದನ್ನೂ ಸೇರಿಸಿದರು.

ನೈವೇದ್ಯವಾಯಿತು. ಪದ್ಧತಿಯಂತೆ ಪುಳಿಯೋಗರೆಯ ಮೊದಲ ತುತ್ತು ಅಡುಗೆಯವರದು. ಶೆಲ್ವಯ್ಯ ಎಂದಿನಂತೆ ಕಣ್ಣು ಮುಚ್ಚಿ ತಲೆದೂಗಿದರು. "ಹದ ಅಂದ್ರೆ ಇದು!"

ಚಾವಡಿಯಲ್ಲಿ ಕಾಯುತ್ತಿದ್ದ ಇಂದುಮುಖಿ ಒಂದು ತುತ್ತು ತಿಂದು ಮುಖ ಕಿವುಚಿದಳು. "ಅಯ್ಯಪ್ಪಾ!" ಎಂದು ಬೆಳ್ಳಿಕಡ್ಡಿಯನ್ನು ಕೈಗೆತ್ತಿಕೊಂಡು ನೋಡಿದಳು. "ಯಂತ್ರ ಕೇಳಿದ್ದು ಒಂದೇ ಹಿಡಿ, ಇದರಲ್ಲೇ ದಾಖಲಾಗಿದೆ!"

ಕಂಬದ ಹಿಂದಿನಿಂದ ಗೋವಿಂದಣ್ಣ ಈಚೆ ಬಂದ. ಶೆಲ್ವಯ್ಯನವರ ಸೋದರಳಿಯ, ಜೊತೆ ಅಡುಗೆಯವ. ಕಾಗೆಯಿಂದ ಕಲೆಕ್ಟರ್‌ವರೆಗೆ ಯಾರ ದನಿಯನ್ನಾದರೂ ತೆಗೆಯಬಲ್ಲ.

"ಆಮೇಲಿನ ಎರಡು ದನಿ ನನ್ನವು ಮಾವ, ತಮಾಷೆಗೆ. ವಾಸನೆಗೇ ಹಿಡಿದು ಉಗೀತೀರಿ ಅಂದ್ಕೊಂಡಿದ್ದೆ. ನಿಮಗೆ... ಗೊತ್ತೇ ಆಗ್ಲಿಲ್ವಾ?"

ಶೆಲ್ವಯ್ಯ ಮೆಲ್ಲನೆ ಸೊಂಟದಿಂದ ಅಡುಗೆಮನೆಯ ಬೀಗದಕೈ ಬಿಚ್ಚಿದರು. "ಹನ್ನೊಂದು ವರ್ಷ ಆಯ್ತಪ್ಪ, ನಾಲಿಗೆ ಸತ್ತು."

"ಮತ್ತೆ ಇಷ್ಟು ದಿನ ಹುಳಿ ಹೇಗೆ ನೋಡಿದ್ರಿ?" ಎಂದಳು ಇಂದುಮುಖಿ.

ಅವರು ಕಪ್ಪಿಟ್ಟ ತಾಮ್ರದ ಮುಚ್ಚಳವೊಂದನ್ನು ತಂದರು. ಅದರ ಮೈತುಂಬ ಹೊಳೆಯುವ ಚುಕ್ಕೆಗಳು. "ಒಂದು ತೊಟ್ಟು ಗೊಜ್ಜು ಇಟ್ಟು ಎಣಿಸ್ತೀನಿ. ಇಪ್ಪತ್ತಕ್ಕೆ ತಾಮ್ರ ಬೆಳಗಿದ್ರೆ ಹದ. ಇವತ್ತು ಯಂತ್ರ ನಂಬಿ ಎಣಿಸಲಿಲ್ಲ."

ತಾಮ್ರದ ಕಿಲುಬನ್ನು ತಿನ್ನುವುದೂ ಅದೇ ಆಮ್ಲ. ಅದನ್ನು ಅಳೆಯಲೆಂದೇ ಏಳು ವರ್ಷ ಪ್ರಯೋಗಾಲಯದಲ್ಲಿ ಕಳೆದ ಇಂದುಮುಖಿ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಚುಕ್ಕೆಗಳನ್ನು ಎಣಿಸತೊಡಗಿದಳು.

"ತಗೋ" ಎಂದು ಗೋವಿಂದಣ್ಣನತ್ತ ಬೀಗದಕೈ ಚಾಚಿದ ಶೆಲ್ವಯ್ಯನವರ ಕೈ ಅರ್ಧಕ್ಕೇ ನಿಂತಿತು. ಇನ್ನೊಂದು ಕೈ ದವಡೆಗೆ ಹೋಯಿತು.

"ತಡಿ ತಡಿ... ಹಲ್ಲು ಜುಮ್ ಅಂತಿದೆ!"

ಅವಸರದಲ್ಲಿ ಇನ್ನೊಂದು ತುತ್ತು ತುರುಕಿಕೊಂಡರು. ಕಣ್ಣಲ್ಲಿ ನೀರು.

"ಹುಳಿ ಕಣೋ ಗೋವಿಂದ! ಇದು ಹುಳಿ!"

ಗೋವಿಂದಣ್ಣ ಬೀಗದಕೈಯನ್ನು ಮಾವನ ಸೊಂಟಕ್ಕೇ ಮರಳಿ ಕಟ್ಟುತ್ತಿದ್ದರೆ, ಶೆಲ್ವಯ್ಯ ದವಡೆ ಹಿಡಿದುಕೊಂಡು ಚಾವಡಿ ನಡುಗುವಂತೆ ನಗುತ್ತಿದ್ದರು.