ಥ್ರೆಲ್‌ಬೆಕ್ ಎಂಬ ನಲವತ್ತೊಂದು ಮಂದಿ

ಕನ್ನಡಿಯಲ್ಲಿ ಬಿಳಿ ಪಿಕಪ್ ದೊಡ್ಡದಾಗುತ್ತಲೇ ಇತ್ತು!

ಎಣ್ಣೆ ಬಾವಿಗಳ ಊರು ಖಫ್ಜಿ ಬಿಟ್ಟು ಇಪ್ಪತ್ತು ನಿಮಿಷ. ಸ್ಪೀಡು ನೂರಾ ಅರವತ್ತು. ಎರಡೂ ಕಡೆ ಮರಳು... ತಪ್ಪಿಸಿಕೊಳ್ಳಲು ಒಂದು ಅಡ್ಡದಾರಿಯೂ ಇಲ್ಲ.

ಪಕ್ಕದಲ್ಲಿ ಹಿತೇಶ್. ಸುರತ್ಕಲ್ಲಿನವನು, ಗ್ಯಾಸ್ ಟೆಸ್ಟರ್. ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬ. ಅದರೊಳಗೆ, ಕಳೆದ ವಾರ ಗ್ಯಾಸ್ ಪ್ಲಾಂಟಿನ ಸ್ಫೋಟದಲ್ಲಿ ಸತ್ತ ಎಂಜಿನಿಯರ್ ಜಾನ್ ಥ್ರೆಲ್‌ಬೆಕ್‌ನ ಡೈರಿ. 'ವಾಲ್ವ್ ಕೆಟ್ಟಿದೆ ಎಂದು ಹಿತೇಶ್ ಮೂರು ಸಲ ಹೇಳಿದ, ಕಂಟ್ರಾಕ್ಟರ್ ಕೇಳಲಿಲ್ಲ' ಎಂದು ಬರೆದಿಟ್ಟಿದ್ದ ಪುಣ್ಯಾತ್ಮ. ಈಗ ಕಂಟ್ರಾಕ್ಟರ್ ತಪ್ಪನ್ನೆಲ್ಲ ಹಿತೇಶನ ತಲೆಗೆ ಕಟ್ಟಿದ್ದಾನೆ. ಡಬ್ಬ ದಮ್ಮಾಮಿನ ಕೋರ್ಟು ಮುಟ್ಟಿದರೆ ಇವನು ಊರಿಗೆ. ಇಲ್ಲವಾದರೆ ಜೈಲಿಗೆ!

ಜಾನ್‌ನ ಡ್ರೈವರ್ ನಾನು. ಮುಟ್ಟಿಸುವುದು ನನ್ನ ಕೆಲಸ.

ಹಿಂದಿನ ಸೀಟಿನಲ್ಲಿ ಸತ್ತವನ ತಮ್ಮ, ಪೀಟರ್ ಥ್ರೆಲ್‌ಬೆಕ್. ಬೆಳಿಗ್ಗೆಯಷ್ಟೇ ಬಂದಿಳಿದಿದ್ದ. ಕಣ್ಣೊರೆಸುವ ಕರ್ಚೀಫಿಗೂ ಇಸ್ತ್ರಿ!

"ಅವರು ಹುಡುಕುತ್ತಿರುವುದು ನಿಮ್ಮನ್ನು," ಎಂದ ಇಂಗ್ಲಿಷಿನಲ್ಲಿ. "ಡಬ್ಬ ನನಗೆ ಕೊಟ್ಟು ಮುಂದಿನ ಪೆಟ್ರೋಲ್ ಬಂಕಿನಲ್ಲಿ ಇಳಿಸಿ. ಎಂಬೆಸಿಗೆ ಮುಟ್ಟಿಸುತ್ತೇನೆ."

"ಕೊಡುವಾ ಹುಸೈನಾಕ?" ಹಿತೇಶ್ ಬೆವೆತು ಹೋಗಿದ್ದ. "ಸ್ವಂತ ತಮ್ಮ ಅಲ್ವಾ..."

"ಸುಮ್ನಿರು ಮಾರಾಯ."

ನಮ್ಮ ಊರಿನದ್ದೊಂದು ಚಾಳಿ. ಯಾರು ಸಿಕ್ಕಿದರೂ ಮೊದಲು ಯಾವ ಮನೆಯವರು ಎಂದು ಕೇಳಬೇಕು. ಬೆನ್ನ ಹಿಂದೆ ಯಮನೇ ಬರುತ್ತಿದ್ದರೂ ಕೇಳಬೇಕು.

ಕೇಳಿದೆ.

"ನಿಮ್ಮ ಹೆಸರು ಎಲ್ಲಿಯದು ಸಾರ್? ಯಾವ ಮನೆ?"

"ಲಂಡನ್. ಅಲ್ಲಿ ಬೀದಿಗೊಬ್ಬ ಥ್ರೆಲ್‌ಬೆಕ್ ಇದ್ದಾನೆ!"

ಓಹೋ...

ಮೂರು ವರ್ಷ ಜಾನ್ ನನಗೆ ಚಹಾದ ಜೊತೆ ಬಡಿಸಿದ್ದು ಅದೊಂದೇ ಪುರಾಣ. ಇಂಗ್ಲೆಂಡಿನ ಉತ್ತರದಲ್ಲಿ ಒಂದು ಗುಡ್ಡ, ಒಂದು ತೊರೆ, ಕುರಿ ಸಾಕುವ ಒಂದೇ ಮನೆ. ಆ ಮನೆಯ ಹೆಸರೇ ಅವರ ಹೆಸರು. ಇಡೀ ಲೋಕದಲ್ಲಿ ನಲವತ್ತೊಂದು ಮಂದಿ. ಮೂವತ್ತಮೂರು ಆ ಗುಡ್ಡದ ಸುತ್ತ, ಏಳು ಟಾಸ್ಮೇನಿಯಾದಲ್ಲಿ, ಒಬ್ಬ ಖಫ್ಜಿಯಲ್ಲಿ.

ಲಂಡನ್ನಿನಲ್ಲಿ ಸೊನ್ನೆ!

"ಹಿತೇಶ್, ಬೆಲ್ಟ್ ಹಾಕು," ಎಂದೆ ಕನ್ನಡದಲ್ಲಿ.

"ಎಂತಕ್ಕೆ?"

"ಹಾಕು ಅಂದೆ!"

ನಾನು ಮತ್ತೆ ಕನ್ನಡಕ್ಕೆ ಹೊರಳಿದ್ದು ಹಿಂದಿನವನಿಗೆ ಹಿಡಿಸಲಿಲ್ಲ. ಕಿವಿಯ ಕೆಳಗೆ ತಣ್ಣಗೆ ಏನೋ ತಾಗಿತು. ಚಾಕು.

"ಡಬ್ಬ!" ಎಂದ. ಅಣ್ಣ ಸತ್ತ ದುಃಖ ಆರಿಹೋಗಿತ್ತು.

ಮುಂದೆ ಚೆಕ್‌ಪೋಸ್ಟ್. ಸಿಮೆಂಟಿನ ತಡೆ, ನಾಲ್ವರು ಪೊಲೀಸರು, ನಾಲ್ಕು ಬಂದೂಕು. ಅಲ್ಲಿಯವರೆಗೂ ಆಕ್ಸಿಲರೇಟರ್ ಒತ್ತಿದೆ... ಆಮೇಲೆ ಬ್ರೇಕಿನ ಮೇಲೆ ಎದ್ದು ನಿಂತೆ!

ಅವನಿಗೆ ಬೆಲ್ಟ್ ಇರಲಿಲ್ಲ. ನಮ್ಮಿಬ್ಬರ ನಡುವಿನಿಂದ ಹಾರಿ ಡ್ಯಾಶ್‌ಬೋರ್ಡಿಗೆ ಅಡ್ಡಬಿದ್ದ. ಚಾಕು ನನ್ನ ಕಿವಿ ಗೀರಿ ಕಾಲಬುಡಕ್ಕೆ ಬಿತ್ತು. ಹಿಂದೆ ಕಂಟ್ರಾಕ್ಟರ್ ಕಳಿಸಿದ್ದ ಅವನ ಜೊತೆಗಾರರ ಪಿಕಪ್ ಯೂಟರ್ನ್ ಹೊಡೆದು ಪರಾರಿ! ಹಿತೇಶ್ ಮಾತ್ರ ಕಣ್ಣು ಮುಚ್ಚಿ ಡಬ್ಬ ಅಪ್ಪಿಕೊಂಡೇ ಇದ್ದ.

ಒಬ್ಬ ಪೊಲೀಸ್ ಆ ಸುಳ್ಳು ತಮ್ಮನ ಕಾಲರ್ ಹಿಡಿದೆಳೆದು ಹೆಸರು ಕೇಳಿದ.

"ಥ್ರೆಲ್‌ಬೆಕ್," ಎಂದ ಅವನು, ರಕ್ತ ಉಗುಳಿ. ಹಠ ನೋಡಿ!

ಜೇಬಿನಿಂದ ಹೊರಬಂದ ಪಾಸ್‌ಪೋರ್ಟಿನಲ್ಲಿ ಬೇರೆಯೇ ಹೆಸರಿತ್ತು.

ಜಾನ್ ಹೋದ ಮೇಲೆ ಉಳಿದವರು ನಲವತ್ತು. ಅವರಲ್ಲಿ ಇವನಿಗೆ ಜಾಗ ಇರಲಿಲ್ಲ.

ಪೊಲೀಸ್ ಜೀಪಿನಲ್ಲಿ ಇತ್ತು.