ಅಣ್ಣ ತಗ್ಗಿಸಿಟ್ಟ ನಡುಸ್ವರ

ಸ್ಟುಡಿಯೋದ ಎರಡನೆಯ ಕೋಣೆಯಲ್ಲಿ ಅಣ್ಣ ಗಿಟಾರ್ ನುಡಿಸುತ್ತಿದ್ದ!

ಕಾರಿಡಾರಿನಲ್ಲಿ ವೈರು ಸುತ್ತುತ್ತಿದ್ದ ತಂಗಿಯ ಕೈ ನಿಂತುಹೋಯಿತು. ಅದೇ ದನಿ. ತಳದಲ್ಲಿ ಗುಮ್ಮೆನ್ನುವ ಗುಂಗು, ತುದಿಯಲ್ಲಿ ತಂತಿಯ ತೆಳ್ಳನೆಯ ಕಿಡಿ, ನಡುವೆ ಏನೂ ಇಲ್ಲದ ಟೊಳ್ಳು... ಬೀಗ ಹಾಕಿದ ಮನೆಯೊಳಗಿಂದ ಯಾರೋ ಕರೆದ ಹಾಗೆ.

ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು.

ಬಾಗಿಲು ತಳ್ಳಿದಳು. ಗಿಟಾರ್ ಹಿಡಿದ ಅಪರಿಚಿತನೊಬ್ಬ ನೆಲದ ಮೇಲೆ ಕೂತಿದ್ದ. ಅವನ ಬೆರಳು ಅಣ್ಣನ ಈಕ್ವಲೈಸರ್ ಪೆಡಲಿನ ಮೇಲಿತ್ತು. ಅದರಲ್ಲಿ ಏಳು ಪುಟ್ಟ ಗುಂಡಿಗಳ ಸಾಲು; ಮೇಲಕ್ಕೆ ಜಾರಿಸಿದರೆ ದನಿಯ ಆ ಪದರ ಏರುತ್ತದೆ, ಕೆಳಕ್ಕೆ ಜಾರಿಸಿದರೆ ಇಳಿಯುತ್ತದೆ. ಅವನು ಒಂದು ತಂತಿ ಮೀಟಿ, ತೀರಾ ಕೆಳಗಿದ್ದ ನಡುವಿನ ಗುಂಡಿಯನ್ನು ಮೆಲ್ಲಗೆ ಮೇಲಕ್ಕೆ ಜಾರಿಸಿದ.

ಟೊಳ್ಳು ತುಂಬಿತು; ಅಣ್ಣ ಅರ್ಧ ಸ್ವರದಲ್ಲೇ ಎದ್ದು ಹೋದಂತಾಯಿತು.

"ಮುಟ್ಬೇಡಿ!"

ಅವನು ಬೆಚ್ಚಿ ಕೈ ತೆಗೆದ. "ಕ್ಷಮಿಸಿ... ಸ್ಟುಡಿಯೋದವರೇ ಕೊಟ್ರು."

"ನಾನೇ ಕೊಟ್ಟಿದ್ದು ಕಣೇ," ಬಾಗಿಲಲ್ಲಿ ಸೋದರಮಾವ ಇಣುಕಿದರು. ರಿಹರ್ಸಲ್ ಸ್ಟುಡಿಯೋ ಅವರದು. ಅಲ್ಲಿನ ಧ್ವನಿಮುದ್ರಣ, ರಿಪೇರಿ ಎಲ್ಲ ಅವಳದು. "ಪೆಡಲ್ ಇರೋದು ತುಳಿಯೋಕೆ. ನೀನು ಬೀರುವಲ್ಲಿಟ್ಟು ಪೂಜೆ ಮಾಡ್ತಿದ್ದೀಯ!"

"ಮಾವ, ನೀವು ಸುಮ್ನಿರಿ."

ಮಾವ ಗೊಣಗುತ್ತಾ ಹೋದರು. ಅಪರಿಚಿತ ಅವಳನ್ನೇ ನೋಡುತ್ತಿದ್ದ.

"ನೀವು... ಪುಟ್ಟಿ ಅಲ್ವಾ?"

ಆ ಹೆಸರು ಹಿಡಿದು ಕರೆಯುತ್ತಿದ್ದವನು ಅಣ್ಣನೊಬ್ಬನೇ.

"ನೀವ್ಯಾರು?"

"ಕಪ್ಪೆ."

ಅಣ್ಣನ ತಂಡದ ಗಾಯಕ! ಹಾಡುವಾಗ ಗಂಟಲು ಉಬ್ಬುತ್ತದೆಂದು ಅಣ್ಣನೇ ಇಟ್ಟ ಅಡ್ಡಹೆಸರು. ಮನೆಯಲ್ಲಿ ದಿನಕ್ಕೆ ಹತ್ತು ಸಲ ಅವನ ಮಾತೇ; ಅವಳು ಮಾತ್ರ ಅವನನ್ನು ಕಂಡಿರಲಿಲ್ಲ. ಆದರೆ ಅಣ್ಣ ಜ್ವರವೆಂದು ಆಸ್ಪತ್ರೆಗೆ ಹೋಗಿ ಹೆಣವಾಗಿ ಬಂದ ದಿನ, ತಂಡದವರೆಲ್ಲ ಬಂದು ಅತ್ತರು. ಅವನೊಬ್ಬ ಬರಲಿಲ್ಲ.

"ಓಹೋ. ಎರಡು ವರ್ಷಕ್ಕೆ ದಾರಿ ಸಿಕ್ತಾ?"

ಅವನು ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ, ತಲೆ ತಗ್ಗಿಸಿ ಹೊರಟುಹೋದ.

ಅವಳು ಗುಂಡಿಯನ್ನು ಮತ್ತೆ ಕೆಳಗಿಳಿಸಿದಳು. ಏಳು ಗುಂಡಿಗಳ ಜಾಗವೂ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಎರಡು ವರ್ಷದಿಂದ ಪ್ರತಿ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಅಣ್ಣ ಕಲಿಸಿದ್ದ ಮೂರೇ ಮೂರು ಕಾರ್ಡ್‌ಗಳನ್ನು, ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ನುಡಿಸಿ ಅವನೇ ಜೊತೆಗಿದ್ದಾನೆಂಬಂತೆ ಕೂತಿರುತ್ತಿದ್ದಳು. ಈಗಲೂ ನುಡಿಸಿದಳು.

ದನಿ ಅದೇ. ಟೊಳ್ಳೂ ಅದೇ. ಆದರೆ ಅದರೊಳಗೆ ಯಾರೂ ಇರಲಿಲ್ಲ!

'ಅಣ್ಣಾ... ಇಷ್ಟು ದಿನ ಇಲ್ಲೇ ಇದ್ದೆಯಲ್ಲ?'

ಆಂಪ್ಲಿಫೈಯರ್ ಸಣ್ಣಗೆ ಗುಂಯ್‌ಗುಡುತ್ತಿತ್ತು, ಅಷ್ಟೆ. ಇದೂ ಹೋದರೆ ಅವಳ ಬಳಿ ಉಳಿಯುವುದೇನು?

ಮರುದಿನ ಬೆಳಿಗ್ಗೆ ಅವನು ಮತ್ತೆ ಬಂದ. ಅವಳು ಕಾದು ಕೂತವಳಂತೆ ಅವನ ಮೇಲೆ ಹರಿಹಾಯ್ದಳು.

"ಏನ್ ಮಾಡಿದ್ರಿ ಇದಕ್ಕೆ? ಎಲ್ಲಾ ಮೊದಲಿನ ಹಾಗೇ ಇಟ್ಟಿದ್ದೀನಿ. ಅಣ್ಣನ ದನಿ ಮಾತ್ರ ಇಲ್ಲ!"

"ಅದು ಅವನ ದನಿ ಅಲ್ಲ," ಅವನು ಮೆಲ್ಲಗೆ ಹೇಳಿದ.

"ಏನಂದ್ರಿ?"

"ನಡುಸ್ವರ, ದನಿಯ ಈ ನಡುಪದರ ಅಂದ್ರೆ ಅವನಿಗೆ ಪ್ರಾಣ. ಒಬ್ಬನೇ ನುಡಿಸುವಾಗ ಈ ಗುಂಡಿ ಯಾವಾಗಲೂ ಮೇಲೇ. ಆದ್ರೆ ನನ್ನ ದನಿಯೂ ಅದೇ ಜಾಗದ್ದು. ಗಿಟಾರ್ ಜೋರಾದ್ರೆ ನನ್ನ ಹಾಡೇ ಕೇಳಿಸ್ತಿರಲಿಲ್ಲ. ಅದಕ್ಕೇ ನಾನು ಹಾಡೋವಾಗ ಪೂರಾ ಇಳಿಸ್ತಿದ್ದ. 'ತಗೋ ಕಪ್ಪೆ, ನಿಂಗೆ ಜಾಗ' ಅಂತಿದ್ದ."

"ಅಂದ್ರೆ... ಎರಡು ವರ್ಷ ನಾನು ಕೇಳಿದ್ದು..."

"ಖಾಲಿ ಜಾಗ."

"ನಿಮ್ಮ ಜಾಗ." ಅವಳು ಗುಂಡಿಯ ಮೇಲಿಂದ ಕಣ್ಣೆತ್ತಿದಳು. "ಹಾಗಾದ್ರೆ ಹಾಡಿ."

"ಅವನು ಹೋದ್ಮೇಲೆ ಹಾಡಿಲ್ಲ. ನೋಡೋಣ ಅಂತ ನಿನ್ನೆ ಬಂದಿದ್ದೆ. ದನಿಯೇ ಹೊರಡಲಿಲ್ಲ."

ಅವಳು ಗಿಟಾರ್ ಎತ್ತಿಕೊಂಡು ಮೊದಲ ಕಾರ್ಡ್ ಹಿಡಿದಳು. ಎರಡನೆಯದು. ಮೂರನೆಯದು. ಮತ್ತೆ ಮೊದಲನೆಯದು...

ಅವನ ದನಿ ಒಡೆದೇ ಹೊರಟಿತು. ಪದವಿಲ್ಲ, ಬರಿಯ ರಾಗ. ಟೊಳ್ಳಿನೊಳಕ್ಕೆ ಅದು ಇಳಿದು ಕೂತಿತು. ಸುತ್ತ ಗಿಟಾರಿನ ಗುಂಗು, ಮೇಲೆ ತಂತಿಯ ಕಿಡಿ. ಪಕ್ಕದಲ್ಲೇ ಕೂತು, ಗೆಳೆಯನಿಗಾಗಿ ತುಸು ಸರಿದುಕೊಳ್ಳುವ ಅಣ್ಣ ಅವಳಿಗೆ ಕಂಡ. ಕಂಡು, ನಿಧಾನವಾಗಿ ಇಲ್ಲವಾದ.

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಎರಡು ವರ್ಷದಲ್ಲಿ ಮೊದಲ ಸಲ.

"ಆವತ್ತು ಯಾಕೆ ಬರಲಿಲ್ಲ ನೀವು?"

ಅವನು ಪೆಡಲಿನ ಪಕ್ಕ ನೆಲದ ಮೇಲೆ ಕೂತ.

"ಅವನು ನಿಮ್ಮ ಬಗ್ಗೆ ಹೇಳಿ ಹೇಳಿ... ನೋಡೋಕೆ ಮೊದಲೇ ನಂಗೆ ನೀವು ಇಷ್ಟ ಆಗಿಬಿಟ್ಟಿದ್ರಿ. ಅವನು ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಧೈರ್ಯ ಮಾಡಿ ಹೇಳಿದೆ. ಹೊಡೀತಾನೆ ಅಂದ್ಕೊಂಡೆ. ನಕ್ಕುಬಿಟ್ಟ. 'ನನ್ನನ್ನೇನು ಕೇಳ್ತೀಯೋ, ಅವಳನ್ನ ಕೇಳು' ಅಂದ. ಆ ಆಸೆ ಎದೇಲಿಟ್ಕೊಂಡು ಸಾವಿನ ಮನೆಗೆ ಹೇಗೆ ಕಾಲಿಡಲಿ? ನಿಮ್ಮ ಅಮ್ಮನ ಮುಖ ಹೇಗೆ ನೋಡಲಿ?"

ಅವಳು ಕಣ್ಣೊರೆಸಿಕೊಂಡಳು. 'ಹೇಡಿ ಅಂದುಕೊಂಡಿದ್ದೆ... ನಾಚಿಕೆಯಿಂದ ಹೊರಗುಳಿದವನನ್ನು!'

"ಅಣ್ಣ ಒಂದು ಕೆಲಸ ಹೇಳಿದ್ದ. ಅದನ್ನೂ ಮಾಡಲಿಲ್ಲ ನೀವು."

"ಯಾವುದು?"

ಅವಳು ಆಂಪ್ಲಿಫೈಯರ್ ಆರಿಸಿದಳು. ಆ ಸಣ್ಣ ಗುಂಯ್ ಕೂಡ ನಿಂತು, ಕೋಣೆಯಲ್ಲಿ ಇಬ್ಬರ ಉಸಿರಷ್ಟೇ ಉಳಿಯಿತು.

ಅವನಿಗೆ ಅರ್ಥವಾಯಿತು. ಗಂಟಲು ನಿಜವಾಗಿಯೂ ಕಪ್ಪೆಯಂತೆ ಉಬ್ಬಿ ಇಳಿಯಿತು.

"ಈಗ... ಕೇಳ್ಲಾ?"

"ಕೇಳಿ," ಎಂದಳು ಅವಳು. "ನಾನೂ ಕೇಳ್ತಾ ಇದ್ದೀನಿ."